ಕಂತಿನ ಕಾದಂಬರಿ, ಪಟ್ಟಿಯ ಓದುಗ

‘ಕ್ಲಾಸಿಕ್’ ಎಂಬ ಮಾತು ಹುಟ್ಟಿದ್ದು ಸಾಹಿತ್ಯದ ಅಂಗಳದಲ್ಲಲ್ಲ, ಕಂದಾಯದ ದಫ್ತರದಲ್ಲಿ. ಪ್ರಾಚೀನ ರೋಮಿನಲ್ಲಿ ಪ್ರಜೆಗಳನ್ನು ಅವರವರ ಆಸ್ತಿಗೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿ ಬರೆದಿಡುವ ಪದ್ಧತಿಯಿತ್ತು. ಆ ಬರಹದಲ್ಲಿ ಮೊದಲ ವರ್ಗಕ್ಕೆ ಸೇರಿದವನನ್ನು ‘ಕ್ಲಾಸಿಕಸ್’ ಎನ್ನುತ್ತಿದ್ದರು. ಕ್ರಿ.ಶ. ಎರಡನೆಯ ಶತಮಾನದ ಲೇಖಕ ಆಲಸ್ ಗೆಲಿಯಸ್ ಈ ಮಾತನ್ನು ಅಲ್ಲಿಂದ ಎತ್ತಿ ತಂದು, ಭಾಷೆಯ ವಿಷಯದಲ್ಲಿ ಯಾರ ಬರವಣಿಗೆಯನ್ನು ಪ್ರಮಾಣವೆಂದು ನಂಬಬಹುದೋ ಅಂಥ ಮೊದಲ ದರ್ಜೆಯ ಬರಹಗಾರನಿಗೆ ಅನ್ವಯಿಸಿದ. ಅದರ ಒಡನಾಡಿಯಾದ ‘ಕ್ಯಾನನ್’, ಅಂದರೆ ಒಂದು ಸಮಾಜ ಪ್ರಮಾಣವೆಂದು ಒಪ್ಪಿಕೊಂಡ ಗ್ರಂಥಗಳ ಸಮೂಹ, ಗ್ರೀಕ್ ಭಾಷೆಯಲ್ಲಿ ಅಳತೆಗೋಲಿಗೆ ಇದ್ದ ಹೆಸರು. ಕನ್ನಡದಲ್ಲಿ ಕ್ಲಾಸಿಕ್‌ಗೆ ಪರ್ಯಾಯವಾಗಿ ಬಳಕೆಯಾಗುವ ‘ಅಭಿಜಾತ’ ಎಂಬ ಪದವಾದರೋ ಒಳ್ಳೆಯ ಕುಲದಲ್ಲಿ ಹುಟ್ಟಿದ್ದು ಎಂಬ ಅರ್ಥದ್ದು. ಒಂದು ನಾಡು ಆಸ್ತಿಯನ್ನು ಕೇಳಿತು, ಇನ್ನೊಂದು ಕುಲವನ್ನು ಕೇಳಿತು. ಎರಡೂ ಪುಸ್ತಕವನ್ನು ಬಿಡಿಸಿ ನೋಡುವ ಮೊದಲೇ ಉತ್ತರ ಸಿಗುವ ಪ್ರಶ್ನೆಗಳೇ.

ಹೀಗೆ ಪಟ್ಟಿಯಿಂದಲೇ ಹೆಸರು ಪಡೆದ ಕೃತಿಗಳನ್ನು ಪಟ್ಟಿಯ ಪ್ರಕಾರವೇ ಓದಿ ಮುಗಿಸುತ್ತೇವೆಂದು ಹೊರಡುವ ಓದುಗರು ಇಂದು ಜಗತ್ತಿನಾದ್ಯಂತ ಇದ್ದಾರೆ. ಯಾರೋ ಸಿದ್ಧಪಡಿಸಿದ ನೂರು, ಇನ್ನೂರು ಅಥವಾ 1001 ಶ್ರೇಷ್ಠ ಕಾದಂಬರಿಗಳ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು, ಓದಿದ್ದಕ್ಕೆ ಗುರುತು ಹಾಕಿ, ಓದದ್ದನ್ನು ಎಣಿಸಿ, ವರ್ಷದ ಕೊನೆಗೆ ಲೆಕ್ಕ ಒಪ್ಪಿಸುವ ಇವರನ್ನು ಲಘುವಾಗಿ ಕಾಣುವುದು ಪಂಡಿತರಿಗೆ ಸುಲಭ. ಆದರೆ ಇವರ ಉದ್ಯಮದಲ್ಲಿ ಗಮನಿಸಬೇಕಾದ ತೊಡಕು ಬೇರೊಂದಿದೆ. ಇವರು ಓದಲು ಹೊರಟ ಕಾದಂಬರಿಗಳಲ್ಲಿ ಬಹಳಷ್ಟು, ವಿಶೇಷವಾಗಿ ಹತ್ತೊಂಬತ್ತನೆಯ ಶತಮಾನದ ಮಹಾಗಾತ್ರದವು, ಒಂದೇ ಬೀಸಿನಲ್ಲಿ ಓದಲೆಂದು ಹುಟ್ಟಿದವಲ್ಲ. ತಿಂಗಳಿಗೊಂದು ಕಂತಿನಂತೆ ಒಂದೋ ಎರಡೋ ವರ್ಷ ಓದುಗನ ಜೀವನದ ಪಕ್ಕದಲ್ಲೇ ನಡೆದು ಬಂದವು. ಪಟ್ಟಿಗೆ ವಾರದ ಗಡುವು, ಕಾದಂಬರಿಗೆ ವರ್ಷದ ನಡಿಗೆ. ಈ ಎರಡು ಕಾಲಗಳ ನಡುವಣ ಜಗಳವನ್ನು ಪಟ್ಟಿ ಮಾಡಿದವರು ಎಲ್ಲಿಯೂ ಹೇಳಿಲ್ಲ.

ಪಟ್ಟಿ ಮಾಡಿದವರ ಸಾಲಿನಲ್ಲಿ ಹೆಚ್ಚು ಸದ್ದು ಮಾಡಿದ ಮೊದಲಿಗ ಸಾಹಿತಿಯಲ್ಲ, ಬ್ಯಾಂಕರು. ಸರ್ ಜಾನ್ ಲಬಕ್ ಇಂಗ್ಲೆಂಡಿನ ಸಂಸತ್ ಸದಸ್ಯನಾಗಿದ್ದವನು. ದುಡಿಯುವ ಜನರಿಗೆ 1871ರಲ್ಲಿ ಬ್ಯಾಂಕ್ ರಜೆಗಳ ಕಾನೂನನ್ನು ದೊರಕಿಸಿಕೊಟ್ಟವನು. ಇರುವೆಗಳ ಬದುಕನ್ನು ವರ್ಷಗಟ್ಟಲೆ ನೋಡಿ ಬರೆದವನು. ಹಳೆಯ ಶಿಲಾಯುಗ, ಹೊಸ ಶಿಲಾಯುಗ ಎಂಬ ವಿಂಗಡಣೆಗೆ ಇಂಗ್ಲಿಷಿನಲ್ಲಿ ಹೆಸರಿಟ್ಟವನು. ಮನುಕುಲದ ಇತಿಹಾಸವನ್ನೇ ಎರಡು ಕಪಾಟಿನಲ್ಲಿ ಜೋಡಿಸಿದವನಿಗೆ ಪುಸ್ತಕಗಳನ್ನು ಜೋಡಿಸುವುದು ದೊಡ್ಡ ಮಾತಾಗಿರಲಿಕ್ಕಿಲ್ಲ. ಲಂಡನ್ನಿನ ವರ್ಕಿಂಗ್ ಮೆನ್ಸ್ ಕಾಲೇಜು, ಅಂದರೆ ಹಗಲು ದುಡಿದು ಸಂಜೆ ಕಲಿಯಲು ಬರುವ ಕೆಲಸಗಾರರಿಗಾಗಿ 1854ರಲ್ಲಿ ಆರಂಭವಾದ ಸಂಸ್ಥೆ, ಅಲ್ಲಿ 1886ರ ಆರಂಭದಲ್ಲಿ ಮಾಡಿದ ಭಾಷಣದಲ್ಲಿ ಲಬಕ್ ಓದಲೇಬೇಕಾದ ಸುಮಾರು ನೂರು ಪುಸ್ತಕಗಳನ್ನು ಹೆಸರಿಸಿದ. ಡಬ್ಲ್ಯು.ಟಿ. ಸ್ಟೆಡ್ ಸಂಪಾದಕತ್ವದ ‘ಪಾಲ್ ಮಾಲ್ ಗೆಜೆಟ್’ ಪತ್ರಿಕೆ ಅದನ್ನು ಪ್ರಕಟಿಸಿ, ನಾಡಿನ ಗಣ್ಯರಿಗೆಲ್ಲ ಕಳಿಸಿ ಅಭಿಪ್ರಾಯ ಕೇಳಿತು. ಕಲಾವಿಮರ್ಶಕ ಜಾನ್ ರಸ್ಕಿನ್ ಲೇಖನಿಯಿಂದ ಹೆಸರುಗಳ ಮೇಲೆ ಗೆರೆ ಎಳೆಯುತ್ತ ಹೋದ. ಹಾಗೆ ಹೊಡೆದು ಹಾಕಿದ ಪುಟವನ್ನೂ ಪತ್ರಿಕೆ ಹಾಗೆಯೇ ಅಚ್ಚು ಹಾಕಿಸಿತು. ಪಟ್ಟಿಗಿಂತ ಪಟ್ಟಿಯ ಮೇಲಿನ ಜಗಳವೇ ಹೆಚ್ಚು ಜನರನ್ನು ತಲಪುತ್ತದೆ ಎಂಬುದು ಪತ್ರಿಕೋದ್ಯಮಕ್ಕೆ ತಿಳಿದದ್ದು ಬಹುಶಃ ಅಂದೇ.

ಲಬಕ್‌ನ ಪಟ್ಟಿಯಲ್ಲಿ ಮಹಾಭಾರತ ಮತ್ತು ರಾಮಾಯಣಗಳು ಸಂಗ್ರಹ ರೂಪದಲ್ಲಿ ಇದ್ದವು, ಕಾಳಿದಾಸನ ಶಾಕುಂತಲವೂ ಇತ್ತು. ಕಾದಂಬರಿಗಳ ಪಾಲು ಮಾತ್ರ ಸಣ್ಣದು. ಡಿಕನ್ಸ್, ಥ್ಯಾಕರೆ, ಸ್ಕಾಟ್, ಜಾರ್ಜ್ ಎಲಿಯಟ್ ಇದ್ದರು. ಟಾಲ್‌ಸ್ಟಾಯ್ ಇರಲಿಲ್ಲ, 1851ರಲ್ಲೇ ಬಂದಿದ್ದ ಮೆಲ್ವಿಲ್‌ನ ‘ಮೋಬಿ ಡಿಕ್’ ಇರಲಿಲ್ಲ. ಇಂದು ‘ಮೋಬಿ ಡಿಕ್’ ಇಲ್ಲದ ಪಟ್ಟಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಆ ಕೃತಿಗೆ ಪಟ್ಟಿಯ ಬಾಗಿಲು ತೆರೆದದ್ದು ಲೇಖಕ ತೀರಿಕೊಂಡು ಮೂವತ್ತು ವರ್ಷ ಕಳೆದ ಮೇಲೆ, 1920ರ ದಶಕದಲ್ಲಿ. ಕಾದಂಬರಿಯೆಂದರೆ ಹೆಂಗಸರ ಹೊತ್ತು ಕಳೆಯುವ ಸಾಮಗ್ರಿ ಎಂಬ ತಿರಸ್ಕಾರವೂ ಆಗ ಪೂರ್ತಿ ಹೋಗಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ನಲವತ್ತು ವರ್ಷ ನಡೆಸಿದ ಚಾರ್ಲ್ಸ್ ಎಲಿಯಟ್, ಐದು ಅಡಿ ಉದ್ದದ ಕಪಾಟಿನಲ್ಲಿ ಹಿಡಿಯುವ ಪುಸ್ತಕಗಳನ್ನು ದಿನಕ್ಕೆ ಹದಿನೈದು ನಿಮಿಷ ಓದಿದರೂ ಮನುಷ್ಯ ಸುಶಿಕ್ಷಿತನಾಗಬಲ್ಲ ಎಂದು ಸಾರಿ 1909ರಲ್ಲಿ ‘ಹಾರ್ವರ್ಡ್ ಕ್ಲಾಸಿಕ್ಸ್’ ಮಾಲೆಯನ್ನು ಹೊರತಂದಾಗ, ಆ ಐವತ್ತು ಸಂಪುಟಗಳಲ್ಲಿ ‘ದಾನ್ ಕಿಹೋತೆ’ಯಂಥ ಒಂದೆರಡನ್ನು ಬಿಟ್ಟರೆ ಕಾದಂಬರಿಗೆ ಜಾಗ ಸಿಗಲಿಲ್ಲ. ಎಂಟು ವರ್ಷಗಳ ಅನಂತರ, 1917ರಲ್ಲಿ, ಕಾದಂಬರಿಗಳಿಗೆಂದೇ ಇಪ್ಪತ್ತು ಸಂಪುಟಗಳ ಬೇರೆ ಕಪಾಟನ್ನು ಮಾಡಬೇಕಾಯಿತು. ಪಂಕ್ತಿಯಲ್ಲಿ ಕೂರಿಸದೆ ಹೊರ ಜಗಲಿಯಲ್ಲಿ ಎಲೆ ಹಾಕಿದಂತೆ.

ಇವೆಲ್ಲಕ್ಕಿಂತ ಓದುಗನಿಗೆ ನಿಜವಾಗಿ ಉಪಕಾರ ಮಾಡಿದ್ದು ‘ಎವೆರಿಮನ್ಸ್ ಲೈಬ್ರರಿ’. ಪ್ರಕಾಶಕ ಜೆ.ಎಂ. ಡೆಂಟ್ ಮತ್ತು ಸಂಪಾದಕ ಅರ್ನೆಸ್ಟ್ ರೀಸ್ 1906ರಲ್ಲಿ ಆರಂಭಿಸಿದ ಈ ಮಾಲೆಯ ಗುರಿ ಒಂದು ಸಾವಿರ ಪುಸ್ತಕ, ಒಂದೊಂದರ ಬೆಲೆ ಒಂದು ಶಿಲ್ಲಿಂಗ್. ಡೆಂಟ್ 1926ರಲ್ಲಿ ತೀರಿಕೊಂಡ, ರೀಸ್ 1946ರಲ್ಲಿ. ಸಾವಿರದ ಸಂಪುಟ ಹೊರಬಂದದ್ದು 1956ರಲ್ಲಿ. ಸಾವಿರ ಪುಸ್ತಕಗಳನ್ನು ಅಚ್ಚು ಮಾಡುವುದಕ್ಕೇ ಐವತ್ತು ವರ್ಷ ಹಿಡಿಯಿತು, ಯೋಜಿಸಿದ ಇಬ್ಬರೂ ಕೊನೆಯದನ್ನು ಕಾಣಲಿಲ್ಲ ಎಂಬುದನ್ನು ಪಟ್ಟಿ ಹಿಡಿದು ಹೊರಟವರು ಒಮ್ಮೆ ನೆನೆಯುವುದು ಒಳ್ಳೆಯದು.

ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದಂತೆ ಪಟ್ಟಿ ಉಪದೇಶದ ಕೈಯಿಂದ ಜಾಹೀರಾತಿನ ಕೈಗೆ ದಾಟಿತು. ಅಮೆರಿಕದ ಮಾಡರ್ನ್ ಲೈಬ್ರರಿ ಪ್ರಕಾಶನವು 1998ರಲ್ಲಿ, ಆ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಬಂದ ನೂರು ಶ್ರೇಷ್ಠ ಕಾದಂಬರಿಗಳನ್ನು ತನ್ನ ಮಂಡಳಿಯಿಂದ ಆರಿಸಿ ಪ್ರಕಟಿಸಿತು. ಹತ್ತು ಮಂದಿಯ ಆ ಮಂಡಳಿಯಲ್ಲಿ ಇದ್ದ ಒಬ್ಬಳೇ ಮಹಿಳೆ ಎ.ಎಸ್. ಬಯಟ್, ನೂರರಲ್ಲಿ ಲೇಖಕಿಯರ ಕೃತಿಗಳು ಹತ್ತನ್ನೂ ಮುಟ್ಟಲಿಲ್ಲ. ಮೊದಲ ಸ್ಥಾನ ಜಾಯ್ಸ್‌ನ ‘ಯುಲಿಸಿಸ್’ಗೆ. ಇದೇ ಸಮಯದಲ್ಲಿ ಸಾರ್ವಜನಿಕರಿಗೂ ಮತ ಹಾಕಲು ಅವಕಾಶವಿತ್ತು. ಅವರ ಪಟ್ಟಿಯ ಮೊದಲ ಹತ್ತರಲ್ಲಿ ನಾಲ್ಕು ಅಯ್ನ್ ರಾಂಡ್‌ಳವು, ಮೂರು ಸೈಂಟಾಲಜಿ ಎಂಬ ಪಂಥದ ಸ್ಥಾಪಕ ಎಲ್. ರಾನ್ ಹಬರ್ಡ್‌ನವು. ಭಕ್ತಮಂಡಳಿ ಒಗ್ಗಟ್ಟಾಗಿ ಮತ ಹಾಕಿದರೆ ಪಂಡಿತರ ಸಭೆಯ ಎದುರು ಏನು ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಬೇಕಿಲ್ಲ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡವನಿಗೆ, ಪಟ್ಟಿ ಎಂಬುದು ಕೃತಿಗಳ ಯೋಗ್ಯತೆಯ ಜೊತೆಗೆ ಕೋಣೆಯಲ್ಲಿ ಯಾರು ಕುಳಿತಿದ್ದರು ಎಂಬುದನ್ನೂ ತಿಳಿಸುವ ದಾಖಲೆ ಎಂದು ಅರಿವಾಗದೆ ಇರದು.

ಪಟ್ಟಿಯ ಓದುಗರಲ್ಲಿ ಅತ್ಯಂತ ಹಟವಾದಿಗಳು ಆರಿಸಿಕೊಳ್ಳುವುದು ಮಾತ್ರ 2006ರಲ್ಲಿ ಪೀಟರ್ ಬಾಕ್ಸಲ್ ಸಂಪಾದಕತ್ವದಲ್ಲಿ ಬಂದ, ಸಾಯುವ ಮುನ್ನ ಓದಲೇಬೇಕಾದ 1001 ಪುಸ್ತಕಗಳೆಂಬ ಭಾರಿ ಗ್ರಂಥವನ್ನು. ಸಾವಿರದೊಂದು ಎಂಬ ಸಂಖ್ಯೆ ಅರೇಬಿಯಾದ ಇರುಳುಗಳದ್ದು. ಅಲ್ಲಿ ಶಹರಜಾದೆ ಕಥೆ ಹೇಳಿದ್ದು ಸಾವನ್ನು ಮುಂದೂಡುವುದಕ್ಕೆ. ಬೆಳಗಾಗುವ ಹೊತ್ತಿಗೆ ಸರಿಯಾಗಿ ಕಥೆಯನ್ನು ನಡುವೆ ನಿಲ್ಲಿಸಿ, ಮುಂದಿನದನ್ನು ಮರುದಿನದ ಇರುಳಿಗೆ ಉಳಿಸಿಕೊಂಡವಳು ಅವಳು. ಪಟ್ಟಿಯಲ್ಲಾದರೋ ಸಾವೇ ಗಡುವು. ಕಥೆಯಿಂದ ಆಯುಷ್ಯವನ್ನು ಹಿಗ್ಗಿಸಿಕೊಂಡ ಹೆಣ್ಣಿನ ಸಂಖ್ಯೆಯನ್ನು ಎರವಲು ತಂದು ಆಯುಷ್ಯದೊಳಗೆ ಕಥೆಯನ್ನು ತುರುಕುವ ಲೆಕ್ಕವನ್ನು ಮಾಡಲಾಗಿದೆ. ಲೆಕ್ಕವೂ ಸರಳ: ವಾರಕ್ಕೊಂದರಂತೆ ಓದಿದರೆ ಹತ್ತೊಂಬತ್ತು ವರ್ಷ ಮೂರು ತಿಂಗಳು, ತಿಂಗಳಿಗೊಂದರಂತೆ ಓದಿದರೆ ಎಂಬತ್ತಮೂರು ವರ್ಷ. ಅಷ್ಟರಲ್ಲಿ ಪಟ್ಟಿಯಾದರೂ ಇದ್ದಲ್ಲಿ ಇದ್ದೀತೇ ಎಂದರೆ ಅದೂ ಇಲ್ಲ. ಇಂಗ್ಲಿಷ್ ಕೃತಿಗಳ ಭಾರ ಅತಿಯಾಯಿತೆಂಬ ಆಕ್ಷೇಪ ಬಂದು, ಎರಡೇ ವರ್ಷದಲ್ಲಿ, 2008ರ ಪರಿಷ್ಕರಣೆಯಲ್ಲಿ, ಇನ್ನೂರೈವತ್ತಕ್ಕೂ ಹೆಚ್ಚು ಹೆಸರುಗಳನ್ನು ತೆಗೆದು ಬೇರೆ ಭಾಷೆಗಳ ಕೃತಿಗಳನ್ನು ಸೇರಿಸಲಾಯಿತು. ಮುಂದಿನ ಆವೃತ್ತಿಗಳಲ್ಲಿಯೂ ಅಷ್ಟಿಷ್ಟು ಬದಲಾವಣೆಗಳಾದವು. ಕಷ್ಟಪಟ್ಟು ಓದಿ ಗುರುತು ಹಾಕಿದ ಕಾದಂಬರಿ ಮರುವರ್ಷ ‘ಓದಲೇಬೇಕಾದದ್ದು’ ಆಗಿ ಉಳಿಯದಿದ್ದರೆ ಆ ಗುರುತನ್ನು ಏನು ಮಾಡಬೇಕು? ಎಲ್ಲ ಆವೃತ್ತಿಗಳನ್ನೂ ಒಟ್ಟುಗೂಡಿಸಿ ಸಾವಿರದ ಮುನ್ನೂರಕ್ಕೂ ಮಿಕ್ಕಿದ ಪಟ್ಟಿಯನ್ನು ತಾವೇ ಮಾಡಿಕೊಂಡ ಓದುಗರೂ ಇದ್ದಾರೆ. ಇಂಥವರಿಗೆ ಓದುವ ಚಪಲ ಹೆಚ್ಚೋ ಎಣಿಸುವ ಚಪಲ ಹೆಚ್ಚೋ ಹೇಳುವುದು ಕಷ್ಟ.

ಎಣಿಕೆ ಓದನ್ನು ಸದ್ದಿಲ್ಲದೆ ತಿದ್ದುತ್ತದೆ. ಪಟ್ಟಿಯ ಓದುಗ ಮೊದಲು ತೆಳ್ಳಗಿನ ಪುಸ್ತಕಗಳನ್ನು ಮುಗಿಸುತ್ತಾನೆ, ಏಕೆಂದರೆ ನೂರು ಪುಟದ ಕಿರುಕಾದಂಬರಿಗೂ ಸಾವಿರದ ಇನ್ನೂರು ಪುಟದ ಮಹಾಕಾದಂಬರಿಗೂ ಒಂದೊಂದೇ ಗುರುತು. ಏಳು ಸಂಪುಟಗಳಲ್ಲಿ, 1913ರಿಂದ 1927ರವರೆಗೆ, ಕೊನೆಯ ಕೆಲವು ಲೇಖಕ ಸತ್ತ ಮೇಲೆ ಹೊರಬಂದ ಮಾರ್ಸೆಲ್ ಪ್ರೂಸ್ತ್‌ನ ಕೃತಿಯನ್ನು ಒಂದೆಂದು ಎಣಿಸುವುದು ಮಹಾ ಅನ್ಯಾಯವೆಂದು ವಾದಿಸುವವರಿದ್ದಾರೆ. ದಪ್ಪನೆಯವು ಹೀಗೆ ಕೊನೆಗೆ ಉಳಿದು, ಪಟ್ಟಿ ಮುಂದುವರಿದಂತೆಲ್ಲ ಏರು ಕಡಿದಾಗುತ್ತದೆ. ಇನ್ನು ಓದದ್ದನ್ನು ಓದಿದ್ದೇನೆಂದು ಹೇಳಿಕೊಳ್ಳುವ ಸಂಕೋಚದ ಪ್ರಶ್ನೆ. ಡೇವಿಡ್ ಲಾಡ್ಜ್ 1975ರ ‘ಚೇಂಜಿಂಗ್ ಪ್ಲೇಸಸ್’ ಕಾದಂಬರಿಯಲ್ಲಿ ಸಾಹಿತ್ಯದ ಅಧ್ಯಾಪಕರಿಗಾಗಿ ಒಂದು ಆಟವನ್ನು ಕಲ್ಪಿಸಿದ್ದಾನೆ: ಪ್ರತಿಯೊಬ್ಬನೂ ತಾನು ಓದದ ಪ್ರಸಿದ್ಧ ಕೃತಿಯೊಂದನ್ನು ಹೆಸರಿಸಬೇಕು, ಅದನ್ನು ಉಳಿದವರು ಎಷ್ಟು ಮಂದಿ ಓದಿದ್ದಾರೋ ಅಷ್ಟು ಅಂಕ. ಗೆಲ್ಲುವ ಹಟಕ್ಕೆ ಬಿದ್ದ ಒಬ್ಬ ಅಧ್ಯಾಪಕ ಹ್ಯಾಮ್ಲೆಟ್ ಓದಿಲ್ಲವೆಂದು ಘೋಷಿಸಿ ಆಟವನ್ನು ಗೆದ್ದು ಕೆಲಸವನ್ನು ಕಳೆದುಕೊಳ್ಳುತ್ತಾನೆ. ಪಟ್ಟಿಯ ಓದುಗ ಈ ಅಧ್ಯಾಪಕನಿಗಿಂತ ಪ್ರಾಮಾಣಿಕ. ಅವನ ಪಟ್ಟಿಯಲ್ಲಿ ಖಾಲಿ ಜಾಗ ಎಲ್ಲರಿಗೂ ಕಾಣುವಂತೆ ಇರುತ್ತದೆ.

ಆದರೂ ದಪ್ಪ ಕಾದಂಬರಿಗಳೆದುರು ಇವರು ಏದುಸಿರು ಬಿಡುವುದಕ್ಕೆ ಸೋಮಾರಿತನ ಕಾರಣವಲ್ಲ. ಆ ಕೃತಿಗಳು ಹುಟ್ಟಿದ ಕ್ರಮವನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೊಸ ಕಾದಂಬರಿ ಸಾಮಾನ್ಯವಾಗಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು, ಬೆಲೆ ಮೂವತ್ತೊಂದೂವರೆ ಶಿಲ್ಲಿಂಗ್. ಸಾಧಾರಣ ಮನೆತನದವರು ಅದನ್ನು ಕೊಳ್ಳುವ ಮಾತೇ ಇರಲಿಲ್ಲ. ವರ್ಷಕ್ಕೊಂದು ಗಿನಿ ಚಂದಾ ಪಡೆದು ಒಂದು ಬಾರಿಗೆ ಒಂದೊಂದೇ ಸಂಪುಟವನ್ನು ಎರವಲು ಕೊಡುವ ಮೂಡಿಯ ಗ್ರಂಥಾಲಯದಂಥ ಸಂಸ್ಥೆಗಳೇ ಗತಿ. ಒಂದು ಕಾದಂಬರಿ ಮೂರು ಸಂಪುಟವಾದರೆ ಅದನ್ನು ಏಕಕಾಲಕ್ಕೆ ಮೂವರಿಗೆ ಕೊಡಬಹುದು, ಆದ್ದರಿಂದ ಕಥೆ ಮೂರು ಸಂಪುಟ ತುಂಬುವಷ್ಟು ಉದ್ದವಿರಬೇಕೆಂಬುದು ವ್ಯಾಪಾರದ ಅಗತ್ಯ. ಈ ಕಟ್ಟನ್ನು ಮುರಿದದ್ದು ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’. 1836ರ ಏಪ್ರಿಲ್‌ನಿಂದ 1837ರ ನವೆಂಬರ್‌ವರೆಗೆ, ತಿಂಗಳಿಗೆ ಮೂವತ್ತೆರಡು ಪುಟ, ಎರಡು ಚಿತ್ರ, ಬೆಲೆ ಒಂದೇ ಶಿಲ್ಲಿಂಗ್. ಮೊದಲ ಕಂತಿಗೆ ಸಾವಿರದ ಆಸುಪಾಸಿನಲ್ಲಿದ್ದ ಪ್ರತಿಗಳು ಕೊನೆಯ ಹೊತ್ತಿಗೆ ನಲವತ್ತು ಸಾವಿರಕ್ಕೆ ಏರಿದವು. ನಡುವೆ ಹೆಂಡತಿಯ ತಂಗಿ ಹದಿನೇಳು ವರ್ಷದ ಮೇರಿ ಹೊಗಾರ್ತ್ ಹಠಾತ್ತನೆ ತೀರಿಕೊಂಡಾಗ ಡಿಕನ್ಸ್‌ಗೆ ಬರೆಯಲಾಗಲಿಲ್ಲ. ಒಂದು ತಿಂಗಳು ಕಂತೇ ಬರಲಿಲ್ಲ. ಇಂದು ಒಂದೇ ರಟ್ಟಿನೊಳಗೆ ಕಾದಂಬರಿಯನ್ನು ಓದುವವನಿಗೆ ಆ ಸಾವಿನ ತಿಂಗಳು ಯಾವ ಎರಡು ಅಧ್ಯಾಯಗಳ ನಡುವೆ ಅಡಗಿದೆ ಎಂಬ ಸುಳಿವೂ ಸಿಗದು.

ಕಂತು ಎಂಬುದು ಕೇವಲ ಮಾರಾಟದ ಉಪಾಯವಾಗಿರದೆ ಬರವಣಿಗೆಯ ಗುಣವೇ ಆಯಿತು. 1849ರಿಂದ 1850ರವರೆಗೆ ಬಂದ ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ ಉರಯಾ ಹೀಪ್ ಬಂದಾಗಲೆಲ್ಲ ತನ್ನ ವಿನಯದ ಮಾತನ್ನೇ ಆಡುತ್ತಾನೆ, ಮಿಕಾಬರ್ ಒಳ್ಳೆಯದೇನೋ ಒದಗಿಬರುತ್ತದೆ ಎಂದು ಕಾಯುತ್ತಲೇ ಇರುತ್ತಾನೆ. ಐದು ದಿನದಲ್ಲಿ ಕಾದಂಬರಿಯನ್ನು ಮುಗಿಸಲು ಹೊರಟ ಓದುಗನಿಗೆ ಈ ಪುನರಾವರ್ತನೆ ಬೇಸರ ತರಿಸುತ್ತದೆ, ಡಿಕನ್ಸ್‌ನ ಪಾತ್ರಗಳು ಚಪ್ಪಟೆ ಎಂಬ ದೂರು ಹುಟ್ಟುತ್ತದೆ. ಆದರೆ ಎರಡು ತಿಂಗಳ ಹಿಂದೆ ಕಂಡು ಮರೆಯಾಗಿದ್ದ ಪಾತ್ರವೊಂದು ಮತ್ತೆ ಬಂದಾಗ ಓದುಗ ಗುರುತು ಹಿಡಿಯಬೇಕಲ್ಲ. ಬಯಲಾಟದಲ್ಲಿ ಕಿರೀಟ ಕಂಡೊಡನೆ, ಭಾಗವತರು ಹೆಸರು ಹೇಳುವ ಮೊದಲೇ, ಬಂದವನು ಯಾರೆಂದು ತಿಳಿಯುವಂತೆ, ಆ ಮಾತಿನ ಚಾಳಿಯೇ ಪಾತ್ರದ ವೇಷ. ಪಟ್ಟಿಯ ವೇಗದಲ್ಲಿ ಓದಿದಾಗ ದೋಷವಾಗಿ ಕಾಣುವುದು ಕಂತಿನ ವೇಗದಲ್ಲಿ ಕೌಶಲವಾಗಿತ್ತು.

ರಷ್ಯಾದಲ್ಲಿ ಇದರ ರೂಪ ಬೇರೆ. ಅಲ್ಲಿ ‘ದಪ್ಪ ಪತ್ರಿಕೆ’ಗಳೆಂದು ಕರೆಯಲಾಗುತ್ತಿದ್ದ ಮಾಸಿಕಗಳು, ಒಂದೊಂದು ಸಂಚಿಕೆಯೂ ಪುಸ್ತಕದಷ್ಟೇ ಗಾತ್ರದವು, ಕಥೆ, ಕಾವ್ಯ, ರಾಜಕೀಯ, ವಿಜ್ಞಾನಗಳನ್ನೆಲ್ಲ ಹೊತ್ತುಕೊಂಡು ದೂರದ ಜಮೀನುದಾರರ ಮನೆಗಳಿಗೆ ಹೋಗುತ್ತಿದ್ದವು. ಮಿಖಾಯಿಲ್ ಕಾತ್ಕೋವ್ ನಡೆಸುತ್ತಿದ್ದ ‘ರೂಸ್ಕಿ ವೆಸ್ತ್‌ನಿಕ್’ ಅಂಥದೊಂದು. 1866ರ ಮೊದಲ ತಿಂಗಳುಗಳಲ್ಲಿ ಅದರ ಚಂದಾದಾರನಿಗೆ ಸಂಚಿಕೆಯ ಒಂದೇ ರಟ್ಟಿನೊಳಗೆ ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯೂ, ಮುಂದೆ ‘ಯುದ್ಧ ಮತ್ತು ಶಾಂತಿ’ ಎಂದು ಹೆಸರಾಗಲಿದ್ದು ಆಗ ಇನ್ನೂ ‘1805’ ಎಂಬ ಹೆಸರಿನಲ್ಲಿದ್ದ ಟಾಲ್‌ಸ್ಟಾಯ್ ಕಾದಂಬರಿಯೂ ಬಂದದ್ದುಂಟು. ಯಾವ ಪಟ್ಟಿಯ ಹಂಗೂ ಇಲ್ಲದೆ, ಅಂಚೆಯವನು ತಂದುಕೊಟ್ಟ ಕಟ್ಟಿನಲ್ಲಿ, ಇಂದಿನ ಎಲ್ಲ ಪಟ್ಟಿಗಳ ತಲೆಭಾಗದಲ್ಲಿ ನಿಲ್ಲುವ ಎರಡು ಕೃತಿಗಳು ಬೆಚ್ಚಗೆ ಕುಳಿತಿದ್ದವು. ಆ ಚಂದಾದಾರನಿಗೆ ಅವು ಕ್ಲಾಸಿಕ್‌ಗಳೆಂದು ಯಾರೂ ಹೇಳಿರಲಿಲ್ಲ, ಆದ್ದರಿಂದ ಇಷ್ಟವಿಲ್ಲದಿದ್ದರೆ ಪುಟ ತಿರುವಿಹಾಕುವ ಸ್ವಾತಂತ್ರ್ಯ ಅವನಿಗಿತ್ತು. ‘ಅನ್ನಾ ಕರೇನಿನಾ’ ಅದೇ ಪತ್ರಿಕೆಯಲ್ಲಿ 1875ರ ಜನವರಿಯಿಂದ 1877ರ ಏಪ್ರಿಲ್‌ವರೆಗೆ ಹರಿಯಿತು, ಅದೂ ನಿಂತು ನಿಂತು; ಟಾಲ್‌ಸ್ಟಾಯ್‌ಗೆ ಮನಸ್ಸು ಬಾರದೆ ತಿಂಗಳುಗಟ್ಟಲೆ ಕಂತು ಬಾರದೆ ಇದ್ದದ್ದೂ ಇದೆ. ಅನ್ನಾ ರೈಲಿಗೆ ಸಿಕ್ಕಿ ಸತ್ತ ಮೇಲೂ ಎಂಟನೆಯ ಭಾಗವೊಂದು ಉಳಿದಿತ್ತು. ಅದರಲ್ಲಿ ಸರ್ಬಿಯಾದ ಯುದ್ಧಕ್ಕೆ ಹೊರಟ ರಷ್ಯಾದ ಸ್ವಯಂಸೇವಕರ ಬಗ್ಗೆ ಲೇಖಕ ತಳೆದ ನಿಲುವು ಸಂಪಾದಕನಿಗೆ ಹಿಡಿಸಲಿಲ್ಲ. ನಾಯಕಿ ಸತ್ತ ಮೇಲೆ ಕಾದಂಬರಿ ಮುಗಿದಂತೆಯೇ ಎಂಬರ್ಥದ ಟಿಪ್ಪಣಿಯನ್ನು ಹಾಕಿ, ಉಳಿದ ಕಥೆಯನ್ನು ಕೆಲವೇ ಸಾಲುಗಳಲ್ಲಿ ಹೇಳಿ ಕೈತೊಳೆದುಕೊಂಡ. ಟಾಲ್‌ಸ್ಟಾಯ್ ಆ ಭಾಗವನ್ನು ಬೇರೆ ಪುಸ್ತಕವಾಗಿ ಅಚ್ಚು ಹಾಕಿಸಬೇಕಾಯಿತು. ಎರಡು ವರ್ಷಕ್ಕೂ ಮಿಕ್ಕಿ ಅನ್ನಾಳ ಜತೆ ಬದುಕಿದ ಓದುಗನಿಗೆ ಅವಳ ಸಾವು ಪರಿಚಯದ ಮನೆಯ ಸಾವಾಗಿತ್ತು. ಹತ್ತು ದಿನದಲ್ಲಿ ಅವಳನ್ನು ಕಂಡು, ಮರುಳಾಗಿ, ಕಳೆದುಕೊಂಡು, ಹನ್ನೊಂದನೆಯ ದಿನ ಪಟ್ಟಿಯ ಮುಂದಿನ ಕೃತಿಗೆ ದಾಟುವವನ ದುಃಖ ಬೇರೆ ಜಾತಿಯದು.

ಫ್ರಾನ್ಸಿನಲ್ಲಿ ಫ್ಲಾಬೇರನ ‘ಮದಾಮ್ ಬೊವಾರಿ’ ಬಂದದ್ದು 1856ರಲ್ಲಿ ‘ರೆವ್ಯೂ ದ ಪಾರಿ’ ಪತ್ರಿಕೆಯ ಕಂತುಗಳಲ್ಲಿ. ಕೃತಿ ನೀತಿಗೆಟ್ಟದ್ದೆಂಬ ಆರೋಪದ ಮೇಲೆ ಮರುವರ್ಷ ನಡೆದ ಮೊಕದ್ದಮೆಯಲ್ಲಿ ಲೇಖಕ ಖುಲಾಸೆಯಾದ. ಮಾಡರ್ನ್ ಲೈಬ್ರರಿ ಪಟ್ಟಿಯ ಶಿಖರದಲ್ಲಿರುವ ‘ಯುಲಿಸಿಸ್’ ಕೂಡ ಅಮೆರಿಕದ ‘ಲಿಟಲ್ ರಿವ್ಯೂ’ವಿನಲ್ಲಿ 1918ರಿಂದ ಕಂತಾಗಿ ಬರುತ್ತಿದ್ದು, ಅಶ್ಲೀಲತೆಯ ದೂರಿನ ಮೇಲೆ ನಡುವೆಯೇ ನಿಂತು, 1922ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಪುಸ್ತಕದಂಗಡಿಯ ಒಡತಿ ಸಿಲ್ವಿಯಾ ಬೀಚ್‌ಳ ಧೈರ್ಯದಿಂದ ಗ್ರಂಥವಾಯಿತು. ಇನ್ನೂ ಹಿಂದಕ್ಕೆ ಹೋದರೆ ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ ‘ಕ್ಲಾರಿಸಾ’ ಇದೆ; ಪಟ್ಟಿಯ ಓದುಗರು ಸುತ್ತುಬಳಸಿ ದಾಟುವ ಬೆಟ್ಟ ಅದು. 1747–48ರಲ್ಲಿ ಏಳು ಸಂಪುಟಗಳಲ್ಲಿ ಬಂದ ಇದು ಪತ್ರಕಾದಂಬರಿ, ಎಂದರೆ ಪಾತ್ರಗಳು ಪರಸ್ಪರ ಬರೆದುಕೊಂಡ ಪತ್ರಗಳ ಮೂಲಕವೇ ಕಥೆ ಸಾಗುವ ಬಗೆಯದು. ಪತ್ರಗಳ ಸಂಖ್ಯೆ 537, ಗಾತ್ರ ಹತ್ತು ಲಕ್ಷ ಪದಗಳ ಸಮೀಪ. ಒಂದೇ ಓಟಕ್ಕೆ ಓದಲು ಇದು ಶಿಕ್ಷೆ.

ಕನ್ನಡದ ಓದುಗನಿಗೆ ಈ ಕಂತಿನ ಕಾಲ ಅಪರಿಚಿತವಲ್ಲ. ಕುಮಾರವ್ಯಾಸನ ಭಾರತವನ್ನು ಗಮಕಿಗಳು ಸಂಧಿ ಸಂಧಿಯಾಗಿ ಹಲವು ಸಂಜೆಗಳ ಕಾಲ ವಾಚಿಸುತ್ತಿದ್ದ, ಊರು ಕೂತು ಕೇಳುತ್ತಿದ್ದ ಅಭ್ಯಾಸ ಅಚ್ಚಿನ ಕಾದಂಬರಿಗಿಂತ ಎಷ್ಟೋ ಹಳೆಯದು. ‘ಸುಧಾ’, ‘ತರಂಗ’ಗಳಂಥ ವಾರಪತ್ರಿಕೆಗಳ ಧಾರಾವಾಹಿಗಳು ಮನೆಮನೆಗಳಲ್ಲಿ ಸರದಿಯ ಜಗಳಕ್ಕೆ ಕಾರಣವಾದದ್ದೂ, ಕಂತುಗಳನ್ನು ಕತ್ತರಿಸಿ, ಹೊಲಿದು, ರಟ್ಟು ಹಾಕಿ ಜೋಪಾನ ಮಾಡಿದ ಮನೆಯ ಪುಸ್ತಕಗಳಲ್ಲಿ ಹಿಂಬದಿಗೆ ಅರ್ಧ ಕತ್ತರಿಸಿದ ಜಾಹೀರಾತುಗಳು ಉಳಿದುಕೊಂಡದ್ದೂ ಆ ಪೀಳಿಗೆಯವರಿಗೆ ನೆನಪಿದೆ. ಆದರೆ ಅನ್ಯಭಾಷೆಯ ಮಹಾಕೃತಿಗಳು ಕನ್ನಡಕ್ಕೆ ಬರುವ ಹೊತ್ತಿಗೆ ಕಂತಿನ ಗುರುತು ಅಳಿಸಿಹೋಗಿರುತ್ತದೆ. ‘ಬಂಗದರ್ಶನ’ ಮಾಸಿಕದಲ್ಲಿ ಕಂತುಕಂತಾಗಿ ಬಂದ ಬಂಕಿಮಚಂದ್ರರ ಕಥೆಗಳು ಬಿ. ವೆಂಕಟಾಚಾರ್ಯರ ಅನುವಾದದಲ್ಲಿ ಕನ್ನಡಿಗರಿಗೆ ಇಡೀ ಪುಸ್ತಕಗಳಾಗಿ ದೊರೆತವು. ದೇ. ಜವರೇಗೌಡರು ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೇನಿನಾ’ಗಳನ್ನೂ, ಜೇನ್ ಆಸ್ಟೆನ್‌ಳ ಕಾದಂಬರಿಯನ್ನು ‘ಹಮ್ಮು ಬಿಮ್ಮು’ ಎಂಬ ಸೊಗಸಾದ ಹೆಸರಿನಲ್ಲಿಯೂ ಕನ್ನಡಕ್ಕೆ ತಂದರು, ಈಚೆಗೆ ಓ.ಎಲ್. ನಾಗಭೂಷಣ ಸ್ವಾಮಿಯವರು ಟಾಲ್‌ಸ್ಟಾಯ್ ಮತ್ತು ದಸ್ತಯೇವ್‌ಸ್ಕಿಯರ ಮಹಾಕೃತಿಗಳಿಗೆ ಹೊಸ ಅನುವಾದಗಳನ್ನು ಕೊಟ್ಟಿದ್ದಾರೆ. ಇಂಥ ಅನುವಾದಕನೇ ಬಹುಶಃ ಇಂದಿನ ದಿನಗಳಲ್ಲಿ ಕಾದಂಬರಿಯನ್ನು ಅದರ ಹುಟ್ಟಿನ ವೇಗದಲ್ಲಿ ಓದುವ ಕೊನೆಯ ಓದುಗ, ಏಕೆಂದರೆ ದಿನಕ್ಕೆ ಕೆಲವು ಪುಟಗಳಿಗಿಂತ ಹೆಚ್ಚು ಸಾಗಲು ಅವನಿಂದ ಆಗದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಒಂಬತ್ತು ಗಂಟೆಗಳ ಅಹೋರಾತ್ರಿ ನಾಟಕವಾಗಿ ಆಡಿಸಿದಾಗ, ಓದಲಾಗದೆ ಕೆಳಗಿಟ್ಟಿದ್ದ ಎಷ್ಟೋ ಮಂದಿ ಇರುಳಿಡೀ ಕೂತು ನೋಡಿದರು. ನಾಟಕ ನೋಡಿದವರು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಪಟ್ಟಿಯ ಶಾಸ್ತ್ರದಲ್ಲಿ ಉತ್ತರವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಪಟ್ಟಿಗೆ ಸಲ್ಲಬೇಕಾದ ಒಂದು ಶ್ರೇಯಸ್ಸಿದೆ, ಅದು ಪಟ್ಟಿ ಮಾಡಿದವರು ಉದ್ದೇಶಿಸಿದ್ದಲ್ಲ. ತನ್ನ ಅಭಿರುಚಿಯ ಗೆರೆ ದಾಟಿ ಓದುವವನಿಗೆ ಕೃತಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ‘ಮದಾಮ್ ಬೊವಾರಿ’, ‘ಅನ್ನಾ ಕರೇನಿನಾ’, ಜರ್ಮನಿಯ ತಿಯೋಡೋರ್ ಫೊಂಟಾನೆಯ, 1895ರಲ್ಲಿ ಕಂತು ಮುಗಿದ ‘ಎಫಿ ಬ್ರೀಸ್ಟ್’, ಈ ಮೂರನ್ನೂ ಒಂದೇ ವರ್ಷದಲ್ಲಿ ಓದಿದವನಿಗೆ ಮದುವೆಯಾಚೆ ಪ್ರೀತಿಸಿದ ಮೂವರು ಹೆಂಗಸರೂ ಗಂಡಸರ ಲೇಖನಿಯಿಂದಲೇ ಹುಟ್ಟಿ, ಪತ್ರಿಕೆಗಳ ಕಂತುಗಳಲ್ಲೇ ಬೆಳೆದು, ಕೊನೆಗೆ ಸಾವಿನಲ್ಲೇ ಸೇರುವುದು ಕಣ್ಣಿಗೆ ಹೊಡೆಯುತ್ತದೆ: ಒಬ್ಬಳು ಪಾಷಾಣದಿಂದ, ಒಬ್ಬಳು ರೈಲಿನಡಿ, ಇನ್ನೊಬ್ಬಳು ತವರಿನಲ್ಲಿ ಸವೆದು. ಕನ್ನಡ ಬಲ್ಲ ಓದುಗ ಈ ಸಾಲಿಗೆ ನಾಲ್ಕನೆಯವಳನ್ನು ತಾನಾಗಿ ಸೇರಿಸಿಕೊಳ್ಳುತ್ತಾನೆ, 1936ರ ‘ಕಾನೂರು ಹೆಗ್ಗಡಿತಿ’ಯ ಸುಬ್ಬಮ್ಮನನ್ನು. ಮುದಿ ಗೌಡನಿಗೆ ಮೂರನೆಯ ಹೆಂಡತಿಯಾಗಿ ಬಂದು, ಗಂಡ ಸತ್ತ ಮೇಲೆ ಮನೆಯ ಯಜಮಾನಿಕೆಯನ್ನೂ ದೇಹದ ಆಸೆಯನ್ನೂ ಒಟ್ಟಿಗೆ ಹೊರಲಾರದೆ ನಾಶವಾದ ಈ ಮಲೆನಾಡಿನ ಹೆಣ್ಣಿಗೆ ಮೇಲಿನ ಮೂವರಂತೆ ಓದಿನ ಕನಸುಗಳಿಲ್ಲ, ನೃತ್ಯದ ಸಂಜೆಗಳಿಲ್ಲ. ಆದರೂ ಅವಳ ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ಎಮ್ಮಾ ಬೊವಾರಿಯ ದುಃಖಕ್ಕೆ ಎಷ್ಟು ವಿರಾಮ, ಎಷ್ಟು ಬಿಡುವು ಬೇಕಾಗಿತ್ತು ಎಂಬುದು ಹೊಳೆಯುತ್ತದೆ. ಯಾವ ಸಾವಿರದೊಂದರ ಪಟ್ಟಿಯೂ ಈ ಹೋಲಿಕೆಯನ್ನು ಓದುಗನಿಗೆ ಕಲಿಸಲಿಲ್ಲ. ಅಕ್ಕಪಕ್ಕದ ಓದು ಕಲಿಸಿತು.

ಕಾದಂಬರಿಯನ್ನು ನಡುವೆ ಬಿಟ್ಟುಬಿಡುವುದರ ಬಗ್ಗೆ ಪಟ್ಟಿಯ ಓದುಗರಲ್ಲಿರುವ ಪಾಪಭಯಕ್ಕೂ ಒಂದು ಸಮಾಧಾನ ಭಾರತದ ಸಾಹಿತ್ಯದೊಳಗೇ ಇದೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಈ ಪ್ರಕಾರಕ್ಕೆ ಹೆಸರು ಕೊಟ್ಟ ಬಾಣಭಟ್ಟನ ‘ಕಾದಂಬರಿ’ಯನ್ನು ಏಳನೆಯ ಶತಮಾನದ ಆ ಕವಿ ಮುಗಿಸಲಿಲ್ಲ, ಮಗ ಭೂಷಣಭಟ್ಟ ಪೂರ್ತಿ ಮಾಡಿದ, ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಬರೆದವನೇ ಮುಗಿಸದ ಕೃತಿಯ ಹೆಸರಿನಲ್ಲಿ ನಡೆಯುವ ಪ್ರಕಾರದಲ್ಲಿ ಓದುಗನೊಬ್ಬ ಮುನ್ನೂರನೆಯ ಪುಟದಲ್ಲಿ ನಿಂತರೆ ಆಕಾಶ ಕಳಚಿ ಬೀಳುವುದಿಲ್ಲ.

ಪಟ್ಟಿ ಹಿಡಿದ ಕೆಲವರಾದರೂ ಕಾಲದ ಈ ಜಗಳಕ್ಕೆ ತಮ್ಮದೇ ಪರಿಹಾರವನ್ನು ಕಂಡುಕೊಂಡಿದ್ದಾರೆ. ‘ಕ್ಲಾರಿಸಾ’ದ ಪತ್ರಗಳಿಗೆ ಜನವರಿಯಿಂದ ಡಿಸೆಂಬರ್‌ವರೆಗೆ ತಾರೀಖುಗಳಿವೆ, ಆಯಾ ದಿನದ ಪತ್ರವನ್ನು ಆಯಾ ದಿನವೇ ಓದಿ ಒಂದು ವರ್ಷದಲ್ಲಿ ಬೆಟ್ಟವನ್ನು ದಾಟುವವರಿದ್ದಾರೆ. ಹ್ಯೂಗೋವಿನ ‘ಲೆ ಮಿಸೆರಾಬ್ಲ್’ನಲ್ಲಿ 365 ಅಧ್ಯಾಯಗಳಿವೆ, ವರ್ಷಕ್ಕೆ ಅಳೆದು ಕೊಟ್ಟ ಹಾಗೆ. ‘ಯುದ್ಧ ಮತ್ತು ಶಾಂತಿ’ಯಲ್ಲಿ 361, ಹೆಚ್ಚಿನವು ಕೆಲವೇ ಪುಟಗಳಷ್ಟು ಚಿಕ್ಕವು, ಊಟಕ್ಕೆ ಮೊದಲು ಒಂದು ಅಧ್ಯಾಯ ಮುಗಿಯುತ್ತದೆ. ಜನವರಿ 1ರಂದು ಪೀಟರ್ಸ್‌ಬರ್ಗಿನ ಔತಣಕೂಟದಲ್ಲಿ ಐನೂರಕ್ಕೂ ಹೆಚ್ಚು ಪಾತ್ರಗಳ ಈ ಲೋಕದೊಳಗೆ ಕಾಲಿಟ್ಟವನಿಗೆ ಮೊದಲ ತಿಂಗಳು ಹೆಸರುಗಳ ಗೊಂದಲ, ಮಾರ್ಚ್ ಹೊತ್ತಿಗೆ ರಾಸ್ತೋವರ ಮನೆ ನೆರೆಮನೆಯಾಗಿರುತ್ತದೆ, ಮಳೆಗಾಲವೆಲ್ಲ ನೆಪೋಲಿಯನ್ನನ ಸೈನ್ಯ ಮಾಸ್ಕೋ ಕಡೆಗೆ ನಡೆಯುತ್ತಲೇ ಇರುತ್ತದೆ. ಕೊನೆಯ ಹನ್ನೆರಡು ಅಧ್ಯಾಯಗಳಲ್ಲಿ ಪಾತ್ರಗಳೆಲ್ಲ ಮರೆಯಾಗಿ, ಇತಿಹಾಸವನ್ನು ನಡೆಸುವ ಶಕ್ತಿ ಯಾವುದು ಎಂಬ ಟಾಲ್‌ಸ್ಟಾಯ್‌ನ ಒಣ ವಾದ ಮಾತ್ರ ಉಳಿಯುತ್ತದೆ. ವಾರದಲ್ಲಿ ಓದುವವರು ಸಾಮಾನ್ಯವಾಗಿ ಹಾರಿಸುವ ಆ ಭಾಗ, ದಿನಕ್ಕೊಂದು ಅಧ್ಯಾಯದ ಲೆಕ್ಕದಲ್ಲಿ ಡಿಸೆಂಬರ್ 16ರಿಂದ ಆರಂಭವಾಗುತ್ತದೆ. ಪುಸ್ತಕ ಮುಗಿಯುವುದು 27ಕ್ಕೆ. ವರ್ಷದಲ್ಲಿ ಆಗ ಇನ್ನೂ ನಾಲ್ಕು ದಿನ ಬಾಕಿ, ಪಟ್ಟಿಯಲ್ಲಿ ಒಂದು ಸಾವಿರ.